ಪೂಜೆಗೆ ಮುಂಚೆ ಪ್ಲಗ್ಗು ಕೀಳಿ

ನಮ್ಮ ದೇವನಹಳ್ಳಿ ಕಡೆಯ ಬಡಗಿ ಅಂಗಡಿಗಳಲ್ಲಿ ಮರ ಕೊಯ್ಯುವ ಸರ್ಕ್ಯುಲರ್ ಸಾ ಯಂತ್ರಕ್ಕೆ ವರ್ಷಕ್ಕೊಂದೇ ಅಭ್ಯಂಜನ, ಆಯುಧಪೂಜೆಯ ಹಿಂದಿನ ಸಂಜೆ. ಮೂರು ವರ್ಷದ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಾಗೆ ಒರೆಸುತ್ತಿದ್ದಾಗ ಕೈ ಸ್ವಿಚ್ಚಿಗೆ ತಗುಲಿತು. ಪ್ಲಗ್ಗು ಗೋಡೆಯಲ್ಲೇ ಇತ್ತು. ಎಡಗೈಯ ಎರಡು ಬೆರಳು ಹೋದವು. ನೋಡಲು ಬಂದವರೆಲ್ಲ ‘ಗ್ರಹಚಾರ’ ಎಂದರು.

ನಾನು ಒಪ್ಪುವುದಿಲ್ಲ. ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗುವ ಬ್ಲೇಡಿಗೆ ಯಾವ ಗ್ರಹವೂ ಬೇಕಿಲ್ಲ, ಕರೆಂಟು ಸಾಕು.

‘ಸಮಾಜ ಪಾಠದ ಮೇಡಂಗೆ ಮಶೀನು ಏನು ಗೊತ್ತು?’ ಎಂದರು ಮಾಲೀಕರು. ಸ್ವಾಮಿ, ಮಿಕ್ಸಿ ಜಾರು ಕಳಚದೆ ಬ್ಲೇಡಿಗೆ ಕೈ ಹಾಕುವ ಹೆಂಗಸು ಯಾವ ಮನೆಯಲ್ಲಿದ್ದಾಳೆ? ಅಷ್ಟೇ ವಿಷಯ. ಪ್ಲಗ್ಗು ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ. ಬ್ಲೇಡು ಕಳಚಿ, ಅಂಟಿದ ಮರದ ಗೋಂದನ್ನು ಸೋಪುನೀರಿನಲ್ಲಿ ಬಿಡಿಸಿ ಒಣಗಿಸಿ. ಮೋಟಾರಿಗೆ ನೀರು ಬೇಡ. ಗಾಳಿಕಿಂಡಿಯ ಹೊಟ್ಟಿಗೆ ಒಣ ಬ್ರಶ್ಶು ಸಾಕು. ಕೆಳಗಿನ ಗಾರ್ಡು ಬಿಟ್ಟ ತಕ್ಷಣ ತಾನೇ ಬ್ಲೇಡನ್ನು ಮುಚ್ಚಬೇಕು. ಹೊಟ್ಟು ಮೆತ್ತಿ ಅದು ಸಿಕ್ಕಿಕೊಂಡರೆ ನಮ್ಮವರು ಶುಚಿ ಮಾಡುವುದಿಲ್ಲ, ತಂತಿಯಿಂದ ಮೇಲಕ್ಕೆ ಕಟ್ಟಿಬಿಡುತ್ತಾರೆ! ವೈರು ಬಿರಿದರೆ ಬದಲಿಸುವುದಿಲ್ಲ, ಟೇಪು ಸುತ್ತುತ್ತಾರೆ. ಅದರ ಮೇಲೆ ಕುಂಕುಮ.

ಪೂಜೆ ಬೇಡ ಎನ್ನುತ್ತಿಲ್ಲ. ನನ್ನ ಹೊಲಿಗೆ ಯಂತ್ರಕ್ಕೆ ನಾನೂ ಹೂವಿಡುತ್ತೇನೆ. ಆದರೆ ವಾರಕ್ಕೆ ಹತ್ತು ನಿಮಿಷ ಕೊಡದವರು ವರ್ಷಕ್ಕೊಮ್ಮೆ ಕುಂಬಳಕಾಯಿ ಒಡೆದು ಯಾರನ್ನು ಒಲಿಸುತ್ತಾರೆ?

ಆ ಹುಡುಗ ಎಡಗೈಯಲ್ಲಿ ಬರೆಯುತ್ತಿದ್ದ. ‘ಬಲಗೈಯಲ್ಲಿ ಬರಿ’ ಎಂದು ಗದರಿದವಳು ನಾನೇ. ‘ಮೊದಲು ಪ್ಲಗ್ಗು ಕೀಳು’ ಎಂದು ಮಾತ್ರ ಒಂದು ದಿನವೂ ಹೇಳಿಕೊಡಲಿಲ್ಲ.