ಅನುಮತಿ ಕೇಳುವವರು, ಕೊಡುವವರು

ಬೆಂಗಳೂರಿನ ಬಡಾವಣೆಗಳಲ್ಲಿ ಬೆಳಗಿನ ಜಾವ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ದೀಪಾಂಜಲಿ ನಗರವಾಗಲಿ, ಅತ್ತಿಗುಪ್ಪೆಯಾಗಲಿ, ವಿಜಯನಗರವಾಗಲಿ ಅದಕ್ಕೆ ಹೊರತಲ್ಲ. ವಾಯುವಿಹಾರಕ್ಕೆ ಹೊರಟ ಸಭ್ಯ ಗೃಹಸ್ಥರು ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕೊಕ್ಕೆಯ ಕೋಲು ಹಿಡಿದು, ಪರರ ಕಾಂಪೌಂಡಿನಿಂದ ಹೊರಗೆ ಬಾಗಿದ ದಾಸವಾಳವನ್ನೂ ಕಣಗಿಲೆಯನ್ನೂ ಬಿಡಿಸಿಕೊಂಡು ಹೋಗುತ್ತಾರೆ. ಯಾರಾದರೂ ಪ್ರಶ್ನಿಸಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: “ದೇವರಿಗಲ್ಲವೇ ಸ್ವಾಮಿ!” ಗಿಡಕ್ಕೆ ನೀರೆರೆದವರ ಮನೆಯ ದೇವರಿಗೆ ಅಂದು ಹೂವಿಲ್ಲವೆಂಬುದು ಅವರ ಗಮನಕ್ಕೆ ಬರುವುದಿಲ್ಲ.

ನವೆಂಬರ್ ತಿಂಗಳಲ್ಲಿ ಕನ್ನಡದ ಪದ್ಯಗಳಿಗೂ ಇದೇ ಗತಿ. ಬಡಾವಣೆಯ ಸಂಘ ರಾಜ್ಯೋತ್ಸವಕ್ಕೆಂದು ಸ್ಮರಣ ಸಂಚಿಕೆ ತರಬೇಕೆಂದು ನಿರ್ಣಯಿಸುತ್ತದೆ. ಆಭರಣದ ಅಂಗಡಿಯವರದೊಂದು, ಕಲ್ಯಾಣ ಮಂಟಪದವರದೊಂದು ಜಾಹೀರಾತು ಬರುತ್ತದೆ. ಮುದ್ರಕರಿಗೆ ಹಣ, ಕಾಗದಕ್ಕೆ ಹಣ, ಮುಖಪುಟದ ಚಿತ್ರಕ್ಕೆ ಹಣ. ಒಳಗಿನ ಪದ್ಯಕ್ಕೆ ಮಾತ್ರ ಹಣವೂ ಇಲ್ಲ, ಒಂದು ಕಾಗದವೂ ಇಲ್ಲ. “ಕವಿಗಳು ತೀರಿಕೊಂಡು ಎಷ್ಟೋ ಕಾಲವಾಯಿತು, ಇನ್ನು ಯಾರನ್ನು ಕೇಳುವುದು?” ಎಂದು ಕಾರ್ಯದರ್ಶಿಗಳು ಕೈ ತೊಳೆದುಕೊಳ್ಳುತ್ತಾರೆ. ಕನ್ನಡದ ಸೇವೆಯೆಂಬ ಸಮಾಧಾನ ಬೇರೆ!

ಯಾರನ್ನು ಕೇಳಬೇಕೆಂಬುದಕ್ಕೆ ಕಾಯಿದೆಯಲ್ಲಿ ಉತ್ತರವಿದೆ. ೧೯೫೭ರ ಗ್ರಂಥಸ್ವಾಮ್ಯ ಕಾಯಿದೆ ಜಾರಿಗೆ ಬಂದದ್ದು ೧೯೫೮ರ ಜನವರಿ ೨೧ರಂದು. ಲೇಖಕನ ಹಕ್ಕು ಅವನ ಜೀವಮಾನವಿಡೀ ಇದ್ದು, ಅನಂತರ ೫೦ ವರ್ಷ ವಾರಸುದಾರರಿಗೆ ಸಲ್ಲತಕ್ಕದ್ದೆಂದು ಅದು ವಿಧಿಸಿತು. ರವೀಂದ್ರನಾಥ ಠಾಕೂರರು ೧೯೪೧ರಲ್ಲಿ ತೀರಿಕೊಂಡವರು. ಅವರ ಕೃತಿಗಳ ಅವಧಿ ೧೯೯೧ರ ಕೊನೆಗೆ ಮುಗಿಯುವ ಸಂದರ್ಭ ಬಂದಾಗ ಸರ್ಕಾರ ಎಚ್ಚೆತ್ತು, ಅದನ್ನು ೬೦ ವರ್ಷಕ್ಕೆ ಏರಿಸಿತು. ಲೆಕ್ಕವು ಮರಣದ ಮರುವರ್ಷದ ಜನವರಿ ೧ರಿಂದ ಆರಂಭವಾಗುತ್ತದೆ.

ಈ ಲೆಕ್ಕದಂತೆ, ೧೯೩೭ರಲ್ಲಿ ಕಾಲವಾದ ಪಂಜೆ ಮಂಗೇಶರಾಯರ ಪದ್ಯಗಳನ್ನು ಯಾರಾದರೂ ಅಚ್ಚು ಹಾಕಬಹುದು. ಮಂಜೇಶ್ವರದ ಗೋವಿಂದ ಪೈಗಳೂ ಕಾದಂಬರಿಗಾರ್ತಿ ತ್ರಿವೇಣಿಯವರೂ ಗತಿಸಿದ್ದು ೧೯೬೩ರಲ್ಲಿ. ಅವರು ಬದುಕಿದ್ದಾಗ ಪ್ರಕಟಿಸಿದ ಕೃತಿಗಳು ೨೦೨೪ರ ಜನವರಿಯಿಂದ ಸರ್ವರ ಸ್ವತ್ತಾಗಿವೆ. ಲೇಖಕರ ಮರಣಾನಂತರ ಮೊದಲ ಬಾರಿಗೆ ಅಚ್ಚಾದ ಕೃತಿಗಾದರೋ ೬೦ ವರ್ಷದ ಎಣಿಕೆ ಆ ಪ್ರಕಟಣೆಯಿಂದ ತೊಡಗುತ್ತದೆ. ಮಕ್ಕಳ ಬಾಯಲ್ಲಿ ನಲಿಯುವ ಜಿ.ಪಿ. ರಾಜರತ್ನಂ ಅವರ ಪದ್ಯಗಳಿಗೆ ೨೦೩೯ರ ಕೊನೆಯವರೆಗೆ, ಬೇಂದ್ರೆಯವರ ಕವನಗಳಿಗೆ ೨೦೪೧ರವರೆಗೆ, ಕುವೆಂಪು ಅವರ ಕೃತಿಗಳಿಗೆ ೨೦೫೪ರವರೆಗೆ ಅನುಮತಿ ಬೇಕು. ಪಂಪನನ್ನು ಅಚ್ಚು ಹಾಕಲು ಯಾರ ಅಪ್ಪಣೆಯೂ ಬೇಡ. ಆದರೆ ಈಚಿನ ವಿದ್ವಾಂಸರು ಅವನಿಗೆ ಬರೆದ ಗದ್ಯಾನುವಾದವನ್ನು ಎತ್ತಿಕೊಳ್ಳಲು ಅಪ್ಪಣೆ ಬೇಕೇ ಬೇಕು.

ಇನ್ನು, ಕೇಳುವುದು ಯಾರನ್ನು? ಪುಸ್ತಕದ ಒಳಪುಟದಲ್ಲಿ ‘ಹಕ್ಕುಗಳು’ ಎಂಬ ಸಾಲಿನ ಮುಂದೆ ಯಾರ ಹೆಸರಿದೆಯೋ ಅವರಿಗೆ ಮೊದಲ ಕಾಗದ ಹೋಗಬೇಕು. ಪ್ರಕಾಶಕರು ಪುಸ್ತಕ ಅಚ್ಚು ಹಾಕಿದ ಮಾತ್ರಕ್ಕೆ ಹಕ್ಕು ಅವರದಾಗುವುದಿಲ್ಲ. ಲೇಖಕರು ರುಜು ಹಾಕಿ ಬರೆದುಕೊಟ್ಟಿರಬೇಕು. ಆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಕಾಯಿದೆ ಅದನ್ನು ೫ ವರ್ಷವೆಂದೇ ಗಣಿಸುತ್ತದೆ. ಪತ್ರಿಕೆಯ ನೌಕರರಲ್ಲದವರು ಕಳುಹಿಸಿದ ಕತೆ, ಅಚ್ಚಾದ ಮೇಲೂ, ಬೇರೆ ಕರಾರಿಲ್ಲದಿದ್ದರೆ, ಬರೆದವರದೇ.

ಕೇಳುವ ಕಾಗದಕ್ಕೆ ಪಾಂಡಿತ್ಯ ಬೇಡ. ಯಾವ ಕೃತಿಯ ಯಾವ ಭಾಗ, ಎಷ್ಟು ಸಾಲು, ಯಾವ ಪುಸ್ತಕಕ್ಕಾಗಿ, ಎಷ್ಟು ಪ್ರತಿ, ಬೆಲೆಯೇನು ಅಥವಾ ಉಚಿತವೇ, ಅಂತರ್ಜಾಲದಲ್ಲಿಯೂ ಹಾಕುವ ಉದ್ದೇಶವಿದೆಯೇ, ಗೌರವಧನವೆಷ್ಟು, ಉತ್ತರ ಯಾವ ದಿನಾಂಕದೊಳಗೆ ಬೇಕು, ಇಷ್ಟು ತಿಳಿಸಿದರೆ ಸಾಕು. ಸಂಚಿಕೆ ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಫೋನು ಮಾಡಿ ‘ಹೂಂ’ ಎನ್ನಿಸಿಕೊಳ್ಳುವುದು ಅನುಮತಿಯಲ್ಲ, ಬಲವಂತ. ಉತ್ತರ ಬಾರದಿದ್ದರೆ ಅದನ್ನು ಸಮ್ಮತಿಯೆಂದು ಭಾವಿಸುವಂತೆಯೂ ಇಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂಬುದು ವಧುವಿನ ವಿಷಯಕ್ಕೆ ಹುಟ್ಟಿದ ಮಾತಿರಬಹುದು. ಗ್ರಂಥಸ್ವಾಮ್ಯಕ್ಕೆ ಅದು ಸಲ್ಲದು.

ಎಲ್ಲಕ್ಕೂ ಅನುಮತಿ ಬೇಕೆಂದು ಹೆದರಬೇಕಾಗಿಯೂ ಇಲ್ಲ. ವಿಮರ್ಶೆಗಾಗಿ ನಾಲ್ಕು ಸಾಲು ಉದ್ಧರಿಸುವುದಕ್ಕೂ, ಪಾಠ ಹೇಳುವ ಸಂದರ್ಭದಲ್ಲಿ ಅಧ್ಯಾಪಕರು, ವಿದ್ಯಾರ್ಥಿಗಳು ಪ್ರತಿ ಮಾಡಿಕೊಳ್ಳುವುದಕ್ಕೂ ೫೨ನೆಯ ಕಲಮು ಅವಕಾಶ ಕೊಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಪ್ರಕರಣದಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯ ೨೦೧೬ರಲ್ಲಿ ಈ ವಿನಾಯಿತಿಯನ್ನು ವಿಶಾಲವಾಗಿಯೇ ಅರ್ಥೈಸಿತು. ಆದರೆ ಜಾಹೀರಾತು ತುಂಬಿದ ಸ್ಮರಣ ಸಂಚಿಕೆ ತರಗತಿಯ ಪಾಠವಾಗಲಾರದು.

ಅನುಮತಿಯನ್ನು ಹಗುರವಾಗಿ ಕಂಡರೆ ಏನಾಗುವುದೆಂಬುದಕ್ಕೆ ಕನ್ನಡ ನಾಡಿನಲ್ಲೇ ನಿದರ್ಶನವಿದೆ. ಶಿವರಾಮ ಕಾರಂತರು ೧೯೯೪ರಲ್ಲಿ ಉಯಿಲು ಬರೆದು, ತಮ್ಮ ಬರವಣಿಗೆಗೆ ನೆರವಾಗಿದ್ದ ಮಹಿಳೆಗೆ ಹಕ್ಕುಗಳನ್ನು ಬಿಟ್ಟುಕೊಟ್ಟರು. ೧೯೯೭ರಲ್ಲಿ ಅವರು ಕಾಲವಾದ ಬಳಿಕ, ೨೦೦೧ರಲ್ಲಿ ದೆಹಲಿಯಲ್ಲಿ ‘ಯಕ್ಷರಂಗ’ದ ಪ್ರದರ್ಶನವಾದಾಗ ಅನುಮತಿಯ ಪ್ರಶ್ನೆ ಎದ್ದಿತು. ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸಂಸ್ಥೆಗೂ ಅವರಿಗೂ ನಡೆದ ವ್ಯಾಜ್ಯ ೨೦೦೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು. ಉಯಿಲಿನ ಹಕ್ಕು ನಿಂತಿತು. ಕಾಯಿದೆಯೇ ವಿನಾಯಿತಿ ಕೊಟ್ಟಿರುವ ಪ್ರದರ್ಶನಗಳಿಗೆ ಮಾತ್ರ ತಡೆಯಿಲ್ಲವೆಂದಾಯಿತು. ಒಂದು ಕಾಗದದಿಂದ ಮುಗಿಯಬಹುದಾಗಿದ್ದ ವಿಷಯ ಮೂರು ಹಂತದ ನ್ಯಾಯಾಲಯಗಳನ್ನು ಹತ್ತಿ ಇಳಿಯಿತು.

ಹಣವನ್ನು ಮೀರಿದ ಅರ್ಥವೂ ಅನುಮತಿಗೆ ಉಂಟು. ೨೦೨೨ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯ ವಿವಾದ ಎದ್ದಾಗ ದೇವನೂರ ಮಹಾದೇವ ಅವರು ಹತ್ತನೆಯ ತರಗತಿಯ ಪುಸ್ತಕದಲ್ಲಿದ್ದ ತಮ್ಮ ‘ಎದೆಗೆ ಬಿದ್ದ ಅಕ್ಷರ’ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನು ಹಿಂತೆಗೆದುಕೊಂಡರು; ಬೇರೆ ಕೆಲವು ಲೇಖಕರೂ ಹಾಗೆಯೇ ಮಾಡಿದರು. ಅವರ ನಿಲುವನ್ನು ಒಪ್ಪುವವರೂ ಇದ್ದರು, ಒಪ್ಪದವರೂ ಇದ್ದರು. ತನ್ನ ಮಾತು ಎಲ್ಲಿ, ಯಾವುದರ ಜೊತೆಯಲ್ಲಿ ಅಚ್ಚಾಗಬೇಕೆಂಬ ಚಿಂತೆ ಬರೆದವರಿಗೆ ಇರುತ್ತದೆಂಬುದನ್ನಂತೂ ನಾಡು ಅಂದು ಕಂಡಿತು.

ಇಷ್ಟೆಲ್ಲ ಹೇಳಿದ ಮೇಲೆ, ಕೊಡುವವರ ಕಡೆಗೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. ತಂದೆಯವರು ಬರೆದ ಪುಸ್ತಕಗಳು ಅಟ್ಟದ ಮೇಲಿವೆ. ನಾಲ್ವರು ಮಕ್ಕಳು ನಾಲ್ಕು ಊರಿನಲ್ಲಿದ್ದಾರೆ. ಬಂದ ಕಾಗದಕ್ಕೆ ‘ಅಣ್ಣ ಬರೆಯಲಿ’ ಎಂದು ತಂಗಿ, ‘ತಂಗಿ ನೋಡಿಕೊಳ್ಳುತ್ತಾಳೆ’ ಎಂದು ಅಣ್ಣ. ಕಾಗದ ಬರೆದ ಸಂಪಾದಕರು ಎರಡು ತಿಂಗಳು ಕಾದು ಬೇರೊಬ್ಬರ ಕತೆಯನ್ನು ಆರಿಸಿಕೊಳ್ಳುತ್ತಾರೆ. ಹೀಗೆ ನಾಲ್ಕು ಸಂಕಲನಗಳಿಂದ ಹೊರಗುಳಿದ ಲೇಖಕನನ್ನು ಮುಂದಿನ ತಲೆಮಾರು ಮರೆಯುತ್ತದೆ. ಹಕ್ಕು ಮಾತ್ರ ಭದ್ರವಾಗಿರುತ್ತದೆ!

ಇದಕ್ಕೆ ಪರಿಹಾರ ಕಠಿಣವಲ್ಲ. ಮನೆಯವರೆಲ್ಲರೂ ಸಹಿ ಹಾಕಿ ಒಬ್ಬರಿಗೆ ಅಧಿಕಾರ ಕೊಡಲಿ. ಒಂದು ನೋಟ್‌ಬುಕ್ಕಿನಲ್ಲಿ ಯಾರು ಕೇಳಿದರು, ಯಾವುದನ್ನು, ಏನು ಉತ್ತರ ಹೋಯಿತು, ಪ್ರತಿ ಬಂದಿತೇ ಎಂದು ದಿನಾಂಕ ಸಹಿತ ಬರೆದಿಡಲಿ. ಶಾಲೆಯ ಪತ್ರಿಕೆಗೆ ಉಚಿತ, ಮಾರಾಟದ ಸಂಕಲನಕ್ಕೆ ಇಷ್ಟು, ಸಿನಿಮಾಕ್ಕೆ ಬೇರೆ ಕರಾರು ಎಂದು ಮೊದಲೇ ನಿರ್ಧರಿಸಿಕೊಳ್ಳಲಿ. ಒಪ್ಪಿಗೆಯಾದರೆ ಒಂದು ಮುದ್ರಣಕ್ಕೋ ಎರಡಕ್ಕೋ ಎಂಬುದನ್ನು ಸ್ಪಷ್ಟಪಡಿಸಲಿ. ಇಲ್ಲವಾದರೆ ಇಲ್ಲವೆಂದು ಹದಿನೈದು ದಿನದೊಳಗೆ ಬರೆಯಲಿ.

ಕೇಳದೆ ಅಚ್ಚು ಹಾಕಿದರೆ ಬರೆದವರಿಗೆ ಅನ್ಯಾಯ. ಕೇಳಿದವರಿಗೆ ಉತ್ತರ ಬರೆಯದಿದ್ದರೆ ಬರೆದುದಕ್ಕೇ ಅನ್ಯಾಯ. ಈ ರಾಜ್ಯೋತ್ಸವದ ಸಂಚಿಕೆಗೆ ಪದ್ಯ ಆರಿಸುವ ಕಾರ್ಯದರ್ಶಿಗಳು ಇಂದೇ ಒಂದು ಕಾಗದ ಬರೆಯಲಿ. ಆ ಕವಿಯ ಮನೆಯಲ್ಲಿ ವಯಸ್ಸಾದ ಮಗಳೊಬ್ಬರು ಅದನ್ನು ಎರಡು ಸಲ ಓದಿ, ತಂದೆಯ ಪದ್ಯ ಇನ್ನೂ ಯಾರಿಗೋ ಬೇಕಾಗಿದೆಯೆಂದು ಸಂತೋಷಪಟ್ಟಾರು.