ಖಾತೆ ಬಂತು, ಪತ್ತು ಬರಲಿಲ್ಲ

2025ರ ಜನವರಿಯಲ್ಲಿ ಚಾಮರಾಜನಗರ, ಹಾವೇರಿ, ರಾಮನಗರ ಮುಂತಾದ ಜಿಲ್ಲೆಗಳಿಂದ ಬಂದ ಸುದ್ದಿಗಳನ್ನು ಓದುಗರು ಮರೆತಿರಲಾರರು. ವಾರದ ಕಂತು ಕಟ್ಟಲಾರದೆ ಕೂಲಿಕಾರರು, ಸಣ್ಣ ಹಿಡುವಳಿದಾರರು ಮನೆಗೆ ಬೀಗ ಹಾಕಿ ಊರು ಬಿಟ್ಟರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಫೆಬ್ರವರಿ 12ರಂದು ರಾಜ್ಯ ಸರ್ಕಾರ ಕಿರು ಸಾಲ ಹಾಗೂ ಸಣ್ಣ ಸಾಲಗಳ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆಯನ್ನು ಜಾರಿಗೆ ತಂದಿತು. ಮಾರ್ಚ್ ತಿಂಗಳಲ್ಲಿ ವಿಧಾನಮಂಡಲ ಅದೇ ಉದ್ದೇಶದ ಮಸೂದೆಗೆ ಒಪ್ಪಿಗೆ ಕೊಟ್ಟಿತು.

ವಸೂಲಿಗಾರನ ಕೈ ಕಟ್ಟಿದ್ದು ಒಳ್ಳೆಯದೇ. ಆದರೆ ಬಡವ ಅವನ ಬಾಗಿಲಿಗೆ ಹೋದದ್ದೇಕೆ? ಆ ಕಾರಣ ಇನ್ನೂ ಹಾಗೆಯೇ ಉಳಿದಿದೆ.

ಕಾಯಿದೆಯ ತಿರುಳು

ಸಾಲ ಕೊಡುವವರು ಜಿಲ್ಲಾ ಮಟ್ಟದ ನೋಂದಣಿ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಬಡ್ಡಿಯ ದರವನ್ನು ಬಹಿರಂಗಪಡಿಸಬೇಕು. ಅಡವು ಕೇಳಬಾರದು. ಬೆದರಿಕೆ ಹಾಕಿದರೆ, ಹಿಂಸಿಸಿದರೆ, ಮನೆಯ ಮುಂದೆ ಕುಳಿತು ಮಾನ ಕಳೆದರೆ 10 ವರ್ಷಗಳವರೆಗೆ ಸೆರೆಮನೆ, 5 ಲಕ್ಷ ರೂಪಾಯಿವರೆಗೆ ದಂಡ. ಪೊಲೀಸರು ದೂರು ದಾಖಲಿಸಲು ನಿರಾಕರಿಸುವಂತಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ತಿಳಿಯಬೇಕು. ಲೈಸೆನ್ಸಾಗಲಿ ನೋಂದಣಿಯಾಗಲಿ ಇಲ್ಲದವರು ದುರ್ಬಲ ವರ್ಗದವರಿಗೆ ಹಿಂದೆ ಕೊಟ್ಟ ಸಾಲ ಮಾತ್ರ ತೀರಿದಂತೆ ಲೆಕ್ಕ. ಬ್ಯಾಂಕುಗಳ ಹಾಗೂ ರಿಸರ್ವ್ ಬ್ಯಾಂಕಿನ ನೋಂದಣಿ ಪಡೆದ ಕಂಪನಿಗಳ ಸಾಲ ಮನ್ನಾ ಆಗಿಲ್ಲ. 'ಕಾಯಿದೆ ಬಂದಿದೆ, ಇನ್ನು ಕಟ್ಟಬೇಕಾಗಿಲ್ಲ' ಎಂಬ ಮಾತಿಗೆ ಯಾರೂ ಕಿವಿಗೊಡಬಾರದು.

ವಾರದ ಕಂತಿನ ಲೆಕ್ಕ

ಒಂದು ಉದಾಹರಣೆ ನೋಡೋಣ. 50,000 ರೂಪಾಯಿ ಸಾಲ, ಶೇ 24ರ ಬಡ್ಡಿ, ಎರಡು ವರ್ಷದಲ್ಲಿ ವಾರಕ್ಕೊಂದು ಕಂತು. ಆಗ ವಾರಕ್ಕೆ ಸುಮಾರು 606 ರೂಪಾಯಿ ಕಟ್ಟಬೇಕು. ಒಟ್ಟು ತೆರುವುದು 63,000 ರೂಪಾಯಿ. ಒಂದೇ ಸಾಲವಾದರೆ ಹೇಗೋ ನಿಭಾಯಿಸಬಹುದು. ಆದರೆ ಒಂದರ ಕಂತಿಗೆ ಇನ್ನೊಂದು, ಅದರ ಕಂತಿಗೆ ಮತ್ತೊಂದು ಎಂದು ಮೂರು ಸಾಲವಾದರೆ ವಾರಕ್ಕೆ 1,820 ರೂಪಾಯಿ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಎಂದು ನಿಗದಿಯಾಗಿತ್ತು. ಅಂದರೆ ಹತ್ತಿರ ಹತ್ತಿರ ಐದು ದಿನದ ಕೂಲಿ ಕಂತಿಗೇ ಹೋಯಿತು. ಉಳಿದ ದುಡಿಮೆಯಲ್ಲಿ ಅಕ್ಕಿ, ಎಣ್ಣೆ, ಮಕ್ಕಳ ಪುಸ್ತಕ, ಔಷಧಿ ಎಲ್ಲವೂ ನಡೆಯಬೇಕು.

ಬಡ್ಡಿಗಿಂತಲೂ ಹೆಚ್ಚು ಕಾಡುವುದು ಈ ವಾರದ ಗಡುವು. ರಾಗಿ, ಜೋಳ, ಹತ್ತಿ ಯಾವುದೂ ವಾರವಾರ ಫಸಲು ಕೊಡುವುದಿಲ್ಲ. ಮಳೆ ಬಿದ್ದರೆ ಕಳೆ ಕೀಳುವ ಕೆಲಸ, ಕೊಯ್ಲಿನ ಕಾಲಕ್ಕೆ ಕೈತುಂಬ ಕೆಲಸ, ನಡುವೆ ಬರಿಗೈ. ಬೆಳೆಗೆ ಒಂದು ಕಾಲ, ಕಂತಿಗೆ ಇನ್ನೊಂದು ಕಾಲ. ಈ ಎರಡರ ನಡುವಣ ಬಿರುಕಿನಲ್ಲೇ ಎರಡನೆಯ ಸಾಲ ಹುಟ್ಟುತ್ತದೆ.

ಖಾತೆಯೇ ಪತ್ತಲ್ಲ

2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆಯಲ್ಲಿ 50 ಕೋಟಿಗೂ ಮಿಕ್ಕಿ ಖಾತೆಗಳು ತೆರೆದಿವೆ. ಇದು ಸಣ್ಣ ಸಾಧನೆಯಲ್ಲ. ಪಿಂಚಣಿ, ಸಹಾಯಧನ ನೇರ ಕೈಸೇರುತ್ತಿದೆ. ಆದರೆ ಖಾತೆಯಿದ್ದ ಮಾತ್ರಕ್ಕೆ ಸಾಲ ಸಿಗುವುದಿಲ್ಲ. ಜನಧನ ಖಾತೆಯ ಮೇಲೆ 10,000 ರೂಪಾಯಿವರೆಗೆ ಓವರ್‌ಡ್ರಾಫ್ಟ್ ಉಂಟು. ಆದರೆ ಅದು ಬ್ಯಾಂಕು ಒಪ್ಪಿದರೆ ಮಾತ್ರ.

ಭೂಮಿಯಿದ್ದವರಿಗೆ ಮಾರ್ಗವಿದೆ. ರಾಜ್ಯದ ಸಹಕಾರ ಸಂಘಗಳಲ್ಲಿ ಬಡ್ಡಿಯಿಲ್ಲದ ಅಲ್ಪಾವಧಿ ಬೆಳೆ ಸಾಲದ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. 2025ರ ಜನವರಿಯಿಂದ ಬ್ಯಾಂಕುಗಳಲ್ಲಿ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಅಡಮಾನ ಬೇಕಿಲ್ಲ. ಇವೆಲ್ಲವೂ ಪಹಣಿ ಇದ್ದವರ ಸೌಕರ್ಯಗಳು. ಪಹಣಿಯಲ್ಲಿ ಹೆಸರಿಲ್ಲದವನ ಗತಿಯೇನು?

ಗೇಣಿದಾರನ ತೊಡಕು

ದೇವರಾಜ ಅರಸು ಅವರ ಕಾಲದಲ್ಲಿ, 1974ರ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದುಪಡಿಸಿ ಲಕ್ಷಾಂತರ ಉಳುವವರನ್ನು ಒಡೆಯರನ್ನಾಗಿ ಮಾಡಿತು. ಅದರ ಫಲ ಇಂದಿಗೂ ಕಣ್ಣೆದುರಿಗಿದೆ. ಆದರೆ ಅನಂತರವೂ ಜಮೀನು ಕೋರಿಗೆ, ಗುತ್ತಿಗೆಗೆ ಕೊಡುವುದು ನಿಲ್ಲಲಿಲ್ಲ, ಬಾಯಿಮಾತಿನಲ್ಲಿ ಮುಂದುವರಿಯಿತು. ಬರೆದು ಕೊಟ್ಟರೆ ಜಮೀನು ಕೈತಪ್ಪೀತು ಎಂಬ ಭಯ ಒಡೆಯನಿಗೆ. ಬರೆದ ಕಾಗದವಿಲ್ಲದೆ ಸಾಲವಿಲ್ಲ ಎಂಬ ಉತ್ತರ ಗುತ್ತಿಗೆದಾರನಿಗೆ. ಬಾಯಿಮಾತಿನ ಗುತ್ತಿಗೆದಾರರಿಗೂ, ಪಾಲುದಾರರಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಕೊಡಬಹುದೆಂದು ರಿಸರ್ವ್ ಬ್ಯಾಂಕು ಹೇಳಿದೆ. ಆದರೂ ಶಾಖೆಯ ಮೇಜಿನ ಮುಂದೆ ಮೊದಲು ಕೇಳುವುದು ಪಹಣಿಯನ್ನೇ.

ನೆರೆಯ ಆಂಧ್ರಪ್ರದೇಶ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯಿದೆ ಮಾಡಿತು. ಅಲ್ಲಿ ಒಡೆಯನ ಒಪ್ಪಿಗೆಯಿಂದ 11 ತಿಂಗಳ ಅವಧಿಗೆ ಗುತ್ತಿಗೆದಾರನಿಗೆ ಕಾರ್ಡು ದೊರೆಯುತ್ತದೆ. ಅದು ಬೆಳೆಯ ಮೇಲಿನ ಹಕ್ಕೇ ಹೊರತು ಭೂಮಿಯ ಮೇಲಿನದಲ್ಲ. ಒಪ್ಪಿಗೆಗೆ ಸಹಿ ಹಾಕಲು ಅಲ್ಲಿಯೂ ಒಡೆಯರು ಹಿಂಜರಿಯುವುದುಂಟು. ಆದರೂ ದಾರಿ ಅದೇ. ನಮ್ಮಲ್ಲಿ ಅಂಥ ಕಾಗದವೊಂದು ಬರುವವರೆಗೆ ಗುತ್ತಿಗೆದಾರನ ಬೆಳೆ ಸಾಲದ ಬೇಡಿಕೆ ವಾರದ ಕಂತಿನವರ ಕಡೆಗೇ ಹರಿಯುತ್ತದೆ.

ಹಿಂದಿನ ಪಾಠ

ಇಂಥ ಕಾಯಿದೆ ಹೊಸದಲ್ಲ. 1976ರಲ್ಲಿ ರಾಜ್ಯ ಋಣ ಪರಿಹಾರ ಕಾಯಿದೆ ಮಾಡಿತು. ಅದೇ ವರ್ಷ ಬಿ. ಶಿವರಾಮನ್ ಸಮಿತಿಯು ಬಡವರಿಗೆ ಬೆಳೆ ಸಾಲವಷ್ಟೇ ಸಾಲದು, ಕಾಯಿಲೆ, ಮದುವೆ, ಓದು ಮುಂತಾದ ಗೃಹಕೃತ್ಯಗಳಿಗೂ ಸಾಂಸ್ಥಿಕ ಸಾಲ ಬೇಕೆಂದು ವಿಚಾರ ಮಾಡಿತ್ತು. ಋಣ ತೀರಿತು; ಬದಲಿ ಸಾಲದ ವ್ಯವಸ್ಥೆ ಮಾತ್ರ ಊರೂರಿಗೆ ತಲುಪಲಿಲ್ಲ. 2010ರ ಅಕ್ಟೋಬರಿನಲ್ಲಿ ಅವಿಭಜಿತ ಆಂಧ್ರಪ್ರದೇಶ ಕಿರು ಸಾಲ ಕಂಪನಿಗಳ ಮೇಲೆ ಸುಗ್ರೀವಾಜ್ಞೆ ತಂದಾಗ ವಸೂಲಿ ನಿಂತಿತು, ಜೊತೆಗೆ ಹೊಸ ಸಾಲವೂ ನಿಂತಿತು. ಅನೇಕರು ಮತ್ತೆ ಊರಿನ ಲೇವಾದೇವಿಗಾರನ ಜಗಲಿ ಹತ್ತಬೇಕಾಯಿತು. ಕೆಟ್ಟ ಸಾಲವನ್ನು ತಡೆದರೆ ಸಾಲದು, ಒಳ್ಳೆಯ ಸಾಲವನ್ನು ಅದರ ಜಾಗಕ್ಕೆ ತರಬೇಕು.

ಆಗಬೇಕಾದ್ದೇನು?

ದೇಶದ ಮೊದಲ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಗದಗಿನ ಬಳಿಯ ಕಣಗಿನಹಾಳದಲ್ಲಿ. ಅಂಥ ನಾಡಿನ ಸಂಘಗಳು ಭೂರಹಿತರನ್ನೂ ಸದಸ್ಯರನ್ನಾಗಿ ಮಾಡಿಕೊಂಡು, ಕುರಿ, ಕೋಳಿ, ಹೈನುಗಳಿಗೂ, ಕಾಯಿಲೆಯ ಖರ್ಚಿಗೂ ಸಣ್ಣ ಸಾಲ ಕೊಡಬೇಕು. ಕಂತು ಫಸಲಿಗೆ, ಇಲ್ಲವೇ ಹಾಲಿನ ಬಟವಾಡೆಗೆ ಹೊಂದಿಕೊಂಡಿರಬೇಕು. ಗುತ್ತಿಗೆದಾರರು 4ರಿಂದ 10 ಮಂದಿ ಕೂಡಿ ಜಂಟಿ ಬಾಧ್ಯತಾ ಗುಂಪು ಕಟ್ಟಿಕೊಂಡರೆ ಬ್ಯಾಂಕು ಸಾಲ ಕೊಡಲು ನಬಾರ್ಡಿನ ಯೋಜನೆ ಇದೆ.

ಮಹಿಳೆಯರಿಗೆ ಸ್ವಸಹಾಯ ಸಂಘ ಬಲವಾದ ಊರುಗೋಲು. ಗ್ರಾಮೀಣ ಜೀವನೋಪಾಯ ಅಭಿಯಾನದ ಸಂಘಗಳಿಗೆ 3 ಲಕ್ಷ ರೂಪಾಯಿವರೆಗಿನ ಬ್ಯಾಂಕ್ ಸಾಲ ಶೇ 7ರ ಬಡ್ಡಿಗೆ ದೊರೆಯುತ್ತದೆ. ಸಂಘ ಸದಸ್ಯರಿಗೆ ತುಸು ಹೆಚ್ಚು ಬಡ್ಡಿಗೆ ಕೊಟ್ಟರೂ ಆ ಹೆಚ್ಚಳ ಸಂಘದಲ್ಲೇ ಉಳಿಯುತ್ತದೆ. ಆದರೆ ಹಳ್ಳಿಗಳಲ್ಲಿ ಕಂಪನಿಯವರು ಕಟ್ಟುವ ಸಾಲದ ಗುಂಪಿಗೂ 'ಸಂಘ' ಎಂದೇ ಹೆಸರು. ಎರಡನ್ನೂ ಒಂದೆಂದು ತಿಳಿಯಬಾರದು. ಒಂದರಲ್ಲಿ ಉಳಿತಾಯ ಮೊದಲು, ಸಾಲ ಆಮೇಲೆ. ಇನ್ನೊಂದರಲ್ಲಿ ಸಾಲವೇ ಮೊದಲು.

ಸಾಲಕ್ಕೆ ಬೀಳದಂತೆ ತಡೆಯುವ ಕಟ್ಟೆಯೂ ಬೇಕು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ 2 ಲಕ್ಷದ ಅಪಘಾತ ವಿಮೆ, 436 ರೂಪಾಯಿ ಕಟ್ಟಿದರೆ 2 ಲಕ್ಷದ ಜೀವ ವಿಮೆ ಉಂಟು. ಮೊದಲನೆಯದಕ್ಕೆ 70 ವರ್ಷದವರೆಗೆ, ಎರಡನೆಯದಕ್ಕೆ 50 ವರ್ಷದೊಳಗೆ ಸೇರಬಹುದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಆಸ್ಪತ್ರೆಯ ಬಿಲ್ಲೇ ಎಷ್ಟೋ ಮನೆಗಳ ಮೊದಲ ಸಾಲಕ್ಕೆ ಕಾರಣ. ವಿಮೆಯ ಕಾಗದ ಮನೆಯಲ್ಲಿರುವುದು ಹೆಂಡತಿಗೂ ಮಕ್ಕಳಿಗೂ ತಿಳಿದಿರಲಿ.

ಸಹಿ ಹಾಕುವ ಮುನ್ನ

* 'ಶೇ 12ರ ಫ್ಲಾಟ್ ಬಡ್ಡಿ' ಎಂದರೆ ಮೋಸಹೋಗಬೇಡಿ. ಕಟ್ಟಿದ ಅಸಲಿಗೂ ಬಡ್ಡಿ ಹಾಕುವ ಈ ಲೆಕ್ಕದಲ್ಲಿ, ಎರಡು ವರ್ಷದ ವಾರದ ಕಂತಿನ ಸಾಲಕ್ಕೆ ನಿಜವಾದ ದರ ಸುಮಾರು ಶೇ 22 ಆಗುತ್ತದೆ. ಒಟ್ಟು ಎಷ್ಟು ರೂಪಾಯಿ ಕಟ್ಟಬೇಕು ಎಂದೇ ಕೇಳಿ.

* ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ, ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. 15,000 ಆದಾಯವಿದ್ದರೆ 7,500ಕ್ಕೆ ಮಿತಿ. ಮೇಲೆ ಹೇಳಿದ ಮೂರು ಸಾಲದ ಕಂತು ತಿಂಗಳಿಗೆ ಸುಮಾರು 7,880 ಆಗಿ ಆ ಮಿತಿಯನ್ನು ದಾಟುತ್ತದೆ.

* ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಬರುವಂತಿಲ್ಲ. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ.

* ನಿಮಗೆ ತಿಳಿಯುವ ಭಾಷೆಯಲ್ಲಿ ಸಾಲದ ಕಾರ್ಡು ಕೇಳಿ ಪಡೆಯಿರಿ. ಪ್ರತಿ ಕಂತಿಗೂ ರಸೀತಿ ಇರಲಿ.

* ಗುಂಪಿನಲ್ಲಿ ಸಹಿ ಹಾಕಿದರೆ ಇತರರ ಸಾಲಕ್ಕೂ ಹೊಣೆ ನಿಮ್ಮ ತಲೆಗೆ ಬರುತ್ತದೆ. ದಾಕ್ಷಿಣ್ಯಕ್ಕೆ ಬಸುರಾಗಬೇಡಿ.

ಸಹಕಾರ ಸಂಘದ ವಾರ್ಷಿಕ ಮಹಾಸಭೆಯಲ್ಲಿ, ಗ್ರಾಮಸಭೆಯಲ್ಲಿ ರೈತ ಬಾಂಧವರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: ಕಳೆದ ವರ್ಷ ನಮ್ಮ ಊರಿನಲ್ಲಿ ಜಮೀನಿಲ್ಲದ ಎಷ್ಟು ಮನೆಗಳಿಗೆ ಬ್ಯಾಂಕು, ಸಂಘಗಳು ಸಾಲ ಕೊಟ್ಟವು? ಆ ಸಂಖ್ಯೆ ಏರಿದಂತೆ ವಾರದ ಕಂತಿನವರ ಬೈಕುಗಳು ಊರಿಗೆ ಬರುವುದು ತಾನಾಗಿಯೇ ಕಡಿಮೆಯಾದೀತು.