ಮೊದಲ ಟ್ಯಾಬ್ಲೆಟ್‌ಗೆ ಪರದೆ ಬೇಕಿಲ್ಲ

ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳಿಗೆ ಕಂಪ್ಯೂಟರಿನಲ್ಲಿ ಚಿತ್ರ ತೆಗೆಯುವ ಆಸೆ ಹುಟ್ಟಿತೆನ್ನಿ. ಮೊಬೈಲಿನ ಗಾಜಿನ ಮೇಲೆ ಬೆರಳಾಡಿಸಿ ಸಾಕಾಗಿದೆ, ಪೆನ್ನು ಹಿಡಿಯುವ ಡ್ರಾಯಿಂಗ್ ಟ್ಯಾಬ್ಲೆಟ್ ಬೇಕು. ದೇವದುರ್ಗ, ಮಾನ್ವಿಗಳ ಅಂಗಡಿಗಳಲ್ಲಿ ಅದನ್ನು ಮುಟ್ಟಿ ನೋಡಿ ಕೊಳ್ಳುವುದು ಕಷ್ಟ. ಕಂಪ್ಯೂಟರ್ ಸಾಮಾನಿಗೆ ಹೆಸರಾದ ಬೆಂಗಳೂರಿನ ಎಸ್.ಪಿ. ರಸ್ತೆ 400 ಕಿಲೋಮೀಟರಿಗೂ ಹೆಚ್ಚು ದೂರ. ಹಾಗಾಗಿ ಆನ್‌ಲೈನ್ ಅಂಗಡಿಯ ಫೋಟೊ ಮತ್ತು ಯೂಟ್ಯೂಬ್ ವಿಡಿಯೊಗಳೇ ಅವಳಿಗೆ ಆಧಾರ. ಆ ವಿಡಿಯೊಗಳಲ್ಲಿ ಮಿಂಚುವುದು ಪೆನ್ ಡಿಸ್‌ಪ್ಲೇ, ಅಂದರೆ ಪರದೆಯ ಮೇಲೆಯೇ ನೇರವಾಗಿ ಗೆರೆ ಎಳೆಯುವ ಸಾಧನ. 13 ಇಂಚಿನದಕ್ಕೆ ಸುಮಾರು 20,000 ರೂಪಾಯಿ.

ಹತ್ತಿ ಮಾರಿದ ದುಡ್ಡಿನಲ್ಲಿ ಅಷ್ಟನ್ನು ತೆಗೆದಿಡುವ ಅಪ್ಪನಿಗೂ ಕೇಳುವ ಮಗಳಿಗೂ ಯಾರಾದರೂ ಮೊದಲೇ ಹೇಳಬೇಕಾದ ಮಾತೊಂದಿದೆ: ಕಲಿಕೆಯ ಆರಂಭದಲ್ಲಿ ಇದು ಬೇಡ.

ಪೆನ್ ಡಿಸ್‌ಪ್ಲೇ ಸ್ವತಂತ್ರ ಕಂಪ್ಯೂಟರಲ್ಲ ಎಂಬುದು ಬಹಳ ಮಂದಿಗೆ ಪೆಟ್ಟಿಗೆ ಬಿಚ್ಚಿದ ಮೇಲೆಯೇ ಗೊತ್ತಾಗುತ್ತದೆ. ಅದು ಪೆನ್ನನ್ನು ಗುರುತಿಸುವ ಮಾನಿಟರ್ ಅಷ್ಟೆ. ಹಿಂದೆ ಒಂದು ಲ್ಯಾಪ್‌ಟಾಪ್ ಇರಲೇಬೇಕು. ಲ್ಯಾಪ್‌ಟಾಪ್ ಇದ್ದರೂ ತೊಡಕು ತೀರದು. ಎಚ್‌ಡಿಎಂಐ ಕೇಬಲ್ ಚಿತ್ರವನ್ನು ಮಾತ್ರ ಸಾಗಿಸುತ್ತದೆ. ಪೆನ್ನಿನ ಚಲನೆ ತಿಳಿಯಲು ಯುಎಸ್‌ಬಿ ಬೇಕು, ವಿದ್ಯುತ್ತಿಗೆ ಇನ್ನೊಂದು ಕೇಬಲ್ ಬೇಕು. ಒಂದೇ ಯುಎಸ್‌ಬಿ-ಸಿ ಕೇಬಲ್ ಸಾಕು ಎಂದು ಜಾಹೀರಾತು ಹೇಳುವುದು ನಿಜವೇ. ಆದರೆ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿರುವ ಯುಎಸ್‌ಬಿ-ಸಿ ಕಿಂಡಿ ಎಷ್ಟೋ ಸಲ ವಿಡಿಯೊ ಹೊರಗೆ ಕಳಿಸುವುದೇ ಇಲ್ಲ. ವಿಡಿಯೊ ಕಳಿಸುವ ಕಿಂಡಿಯೂ ಕಳಿಸದ ಕಿಂಡಿಯೂ ನೋಡಲು ಒಂದೇ ರೀತಿ ಇರುವುದರಿಂದ ಕೊಳ್ಳುವವರು ಮೋಸಹೋಗುತ್ತಾರೆ.

ಇನ್ನು ಕರೆಂಟು. 1,720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಇದೇ ಜಿಲ್ಲೆಯ ಶಕ್ತಿನಗರದಲ್ಲಿದೆ. ಹಾಗಿದ್ದೂ ಬೇಸಿಗೆಯಲ್ಲಿ ಹಳ್ಳಿಗಳಲ್ಲಿ ಕರೆಂಟು ಹೋಗಿ ಬರುವುದು ನಿಂತಿಲ್ಲ. ಇಂಥ ಡಿಸ್‌ಪ್ಲೇಗಳೊಳಗೆ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಕರೆಂಟು ಹೋದರೆ ಲ್ಯಾಪ್‌ಟಾಪ್ ಉಳಿದರೂ ಗೋಡೆಯ ಪ್ಲಗ್ ನಂಬಿದ ಡಿಸ್‌ಪ್ಲೇ ಕಪ್ಪಾಗುತ್ತದೆ. ಕೆಟ್ಟರೆ ರಿಪೇರಿಗೆ ಹೈದರಾಬಾದಿಗೋ ಬೆಂಗಳೂರಿಗೋ ಪಾರ್ಸೆಲ್ ಕಳಿಸಬೇಕಾದೀತು. ಬೆಲೆ ಲೆಕ್ಕ ಹಾಕುವಾಗ ಇವನ್ನೂ ಸೇರಿಸಿಕೊಳ್ಳಬೇಕು.

ಹಾಗಾದರೆ ಕೊಳ್ಳಬೇಕಾದದ್ದು ಯಾವುದು? ಪರದೆ ಇಲ್ಲದ, ಕಪ್ಪು ಹಲಗೆಯಂಥ ಸಣ್ಣ ಪೆನ್ ಟ್ಯಾಬ್ಲೆಟ್. ಸುಮಾರು 3,000 ರೂಪಾಯಿಯಿಂದ 5,000 ರೂಪಾಯಿಯೊಳಗೆ ಒಳ್ಳೆಯದೇ ಸಿಗುತ್ತದೆ, ಒಂದು ಯುಎಸ್‌ಬಿ ಕೇಬಲ್ಲಿನಲ್ಲೇ ಜೀವ ಹಿಡಿಯುತ್ತದೆ. ಜಪಾನಿನ ವಾಕಾಮ್ ಕಂಪನಿ 1983ರಲ್ಲಿ ಹುಟ್ಟಿದ್ದು. ಅದು ಬೆಳೆಸಿದ ತಂತ್ರ ಇಂದಿಗೂ ಈ ಕ್ಷೇತ್ರದ ಬೆನ್ನೆಲುಬು: ಹಲಗೆಯ ಅಡಿಯಲ್ಲಿ ತಂತಿಗಳ ಜಾಲವಿರುತ್ತದೆ, ಅದು ಹೊಮ್ಮಿಸುವ ಕಾಂತಕ್ಷೇತ್ರದಿಂದಲೇ ಪೆನ್ನಿನೊಳಗಿನ ಸುರುಳಿ ಶಕ್ತಿ ಪಡೆದು ತಾನಿರುವ ಜಾಗ ಮತ್ತು ಒತ್ತಡವನ್ನು ತಿರುಗಿ ತಿಳಿಸುತ್ತದೆ. ಪೆನ್ನಿಗೆ ಬ್ಯಾಟರಿಯೂ ಬೇಡ, ಚಾರ್ಜೂ ಬೇಡ. ವಾಕಾಮ್‌ನ ಹಳೆಯ ಪೇಟೆಂಟುಗಳ ಅವಧಿ ಮುಗಿದ ಮೇಲೆ ಹುಯಾನ್, ಎಕ್ಸ್‌ಪಿ-ಪೆನ್‌ನಂಥ ಕಂಪನಿಗಳೂ ಬ್ಯಾಟರಿ ಇಲ್ಲದ ಪೆನ್ನುಗಳನ್ನು ತಂದವು, ಬೆಲೆ ಇಳಿಯಿತು. ಹಳ್ಳಿಯ ವಿದ್ಯಾರ್ಥಿಯ ಕೈಗೆಟುಕುವಂತಾದದ್ದು ಹೀಗೆ.

ಹೆಸರುಗಳ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ‘ಒನ್ ಬೈ ವಾಕಾಮ್’ ಎಂಬುದು ಪರದೆ ಇಲ್ಲದ ಅಗ್ಗದ ಹಲಗೆ. ‘ವಾಕಾಮ್ ಒನ್’ ಎಂಬ ಹೆಸರಿನಲ್ಲಿ 2020ರಲ್ಲಿ ಬಂದದ್ದು 13.3 ಇಂಚಿನ ಪೆನ್ ಡಿಸ್‌ಪ್ಲೇ. 2023ರಲ್ಲಿ ಅದೇ ‘ವಾಕಾಮ್ ಒನ್’ ಸಾಲಿನೊಳಗೆ ಪರದೆ ಇರುವವೂ ಇಲ್ಲದವೂ ಎರಡೂ ಸೇರಿಕೊಂಡವು. ಮಾಡೆಲ್ ಸಂಖ್ಯೆ ಓದದೆ ಹಣ ಕಟ್ಟಿದರೆ ಮನೆಗೆ ಬರುವುದು ಬೇರೆಯದೇ ಆದೀತು.

ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇಟ್ಟು ಚಿತ್ರ ತೆಗೆಯುವುದು ಹೇಗೆ ಎಂಬ ಆಕ್ಷೇಪಕ್ಕೆ ಅರ್ಥವಿದೆ. ಮೊದಲ ಕೆಲವು ದಿನ ಗೆರೆ ಹೇಳಿದಂತೆ ಕೇಳುವುದಿಲ್ಲ, ಸಿಟ್ಟು ಬರುತ್ತದೆ. ಆದರೆ ಮೌಸ್ ಹಿಡಿದವರೆಲ್ಲ ಇದನ್ನೇ ಕಲಿತವರು. ದಿನಾ ಕೂತರೆ ಕೆಲವು ವಾರಗಳಲ್ಲಿ ಕೈಗೆ ದಾರಿ ಸಿಗುತ್ತದೆ. ಲಾಭವೂ ಉಂಟು: ಪರದೆ ಎದುರಿಗೇ ಇರುವುದರಿಂದ ಕುತ್ತಿಗೆ ಬಗ್ಗಿಸಬೇಕಾಗಿಲ್ಲ, ಬರೆಯುವ ಕೈ ಚಿತ್ರಕ್ಕೆ ಅಡ್ಡ ಬರುವುದಿಲ್ಲ. ಅನುಭವಿ ಕಲಾವಿದರಲ್ಲಿ ಹಲವರು ಪರದೆ ಇಲ್ಲದ ಹಲಗೆಯನ್ನೇ ಉಳಿಸಿಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಅಂಕಿಗಳಿಗೆ ಮರುಳಾಗುವುದೂ ಬೇಡ. ಒತ್ತಡದ ಹಂತ 2048, 4096, 8192, ಈಗ 16384 ಎಂದು ಏರುತ್ತಲೇ ಇದೆ. ಹೊಸಬರ ಕೈಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ನೋಡಬೇಕಾದ ಗುಣ ಬೇರೆ. ಪೆನ್ನು ಎಷ್ಟು ಹಗುರವಾಗಿ ತಾಕಿದರೆ ಗೆರೆ ಮೂಡುತ್ತದೆ? ಸ್ಕೇಲ್ ಇಟ್ಟು ಓರೆಯಾಗಿ, ನಿಧಾನವಾಗಿ ಎಳೆದ ಗೆರೆ ನಡುಗುತ್ತದೆಯೇ? ಕೃಷ್ಣೆಯಾಚೆಯ ಸುರಪುರದ ಚಿತ್ರಕಾರರು ಸೂಕ್ಷ್ಮ ರೇಖೆಗೆ ಹೆಸರಾದವರು. ಆ ಪರಂಪರೆಯ ಮಗ್ಗುಲಲ್ಲೇ ಬೆಳೆಯುವ ಮಕ್ಕಳಿಗೆ ಗೆರೆಯ ನಡುಕ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಪೆಟ್ಟಿಗೆಯಲ್ಲಿ ಹೆಚ್ಚುವರಿ ನಿಬ್ ಇದೆಯೇ, ಬೇರೆಯಾಗಿ ಸಿಗುತ್ತದೆಯೇ ಎಂದೂ ನೋಡಬೇಕು, ನಿಬ್ ಸವೆಯುತ್ತದೆ.

ಲ್ಯಾಪ್‌ಟಾಪ್ ಇಲ್ಲದ ಮನೆಗಳೇ ಹೆಚ್ಚು. ಅಲ್ಲಿ ಇನ್ನೊಂದು ಅನುಕೂಲ ಕಾಣುತ್ತದೆ: ಹುಯಾನ್, ಎಕ್ಸ್‌ಪಿ-ಪೆನ್ ಕಂಪನಿಗಳ ಕೆಲವು ಸಣ್ಣ ಹಲಗೆಗಳು ಒಟಿಜಿ ಮೂಲಕ ಆಂಡ್ರಾಯ್ಡ್ ಫೋನಿಗೇ ಸೇರುತ್ತವೆ. ಫೋನ್ ನೆಟ್ಟಗೆ ಇಟ್ಟಾಗ ಹಲಗೆಯ ಒಂದು ಪಾಲು ಮಾತ್ರ ಕೆಲಸಕ್ಕೆ ಬರುವುದುಂಟು, ಅಷ್ಟು ಇಕ್ಕಟ್ಟು ಸಹಿಸಬೇಕು. ಚಿತ್ರ ತೆಗೆಯುವ ಆ್ಯಪ್ ಐಬಿಸ್ ಪೇಂಟ್ ಫೋನಿನಲ್ಲಿ ಜಾಹೀರಾತಿನೊಂದಿಗೆ ಪುಕ್ಕಟೆ. ಲ್ಯಾಪ್‌ಟಾಪ್ ಇದ್ದರೆ ಕ್ರಿಟಾ ಇದೆ. ಮುಕ್ತ ತಂತ್ರಾಂಶ, ಕಾಸಿಲ್ಲ. ಫ್ರಾನ್ಸಿನ ಡೇವಿಡ್ ರೆವಾ ತಮ್ಮ ‘ಪೆಪ್ಪರ್ ಅಂಡ್ ಕ್ಯಾರಟ್’ ಚಿತ್ರಕಥಾ ಸರಣಿಯನ್ನು 2014ರಿಂದ ಕ್ರಿಟಾದಲ್ಲೇ ಬರೆಯುತ್ತ ಬಂದಿದ್ದಾರೆ. ಕದ್ದ ಫೋಟೊಶಾಪ್ ಹಾಕಿಸಿಕೊಂಡು ಅದರ ಜೊತೆಗೆ ವೈರಸ್ಸನ್ನೂ ಮನೆಗೆ ಕರೆತರುವ ಅಗತ್ಯವೇ ಇಲ್ಲ. ತುದಿಗೆ ರಬ್ಬರಿರುವ ಅಗ್ಗದ ಸ್ಟೈಲಸ್ ಮಾತ್ರ ಯಾರೂ ಕೊಳ್ಳಬಾರದು. ಅದು ಬೆರಳಿನ ಬದಲಿಯಷ್ಟೇ, ಒತ್ತಡ ಅದಕ್ಕೆ ತಿಳಿಯದು.

ಇದೆಲ್ಲ ಶೋಕಿ ಎನ್ನುವ ಹಿರಿಯರಿಗೂ ಒಂದು ಮಾತು. ಚಿತ್ರದಿಂದ ಹೊಟ್ಟೆ ಹೊರೆದವರು ಈ ಭಾಗಕ್ಕೆ ಹೊಸಬರಲ್ಲ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಮತ್ತು ಕ್ಯಾಲೆಂಡರ್ ಚಿತ್ರಗಳಿಂದಲೇ ದೇಶದುದ್ದಕ್ಕೂ ಹೆಸರಾದರು. ಇಂದು ತಾಲ್ಲೂಕು ಕೇಂದ್ರದ ಫ್ಲೆಕ್ಸ್ ಅಂಗಡಿಗೆ, ಲಗ್ನಪತ್ರಿಕೆಯ ಪ್ರೆಸ್ಸಿಗೆ, ಮಕ್ಕಳ ಪುಸ್ತಕದ ಪ್ರಕಾಶಕರಿಗೆ ಕಂಪ್ಯೂಟರಿನಲ್ಲಿ ಕೈಯಾರೆ ಚಿತ್ರ ತೆಗೆಯಬಲ್ಲವರು ಬೇಕು. ಅಂಥ ಕೆಲಸ ಹಿಡಿದು ಒಂದಿಷ್ಟು ಸಂಪಾದನೆ ಶುರುವಾದ ಮೇಲೆ ಪೆನ್ ಡಿಸ್‌ಪ್ಲೇ ಕೊಳ್ಳಲಿ. ಆಗ ಪರದೆಯ ಗಾಜು ಲ್ಯಾಮಿನೇಟ್ ಆಗಿದೆಯೇ ಎಂಬುದನ್ನು ಮೊದಲು ವಿಚಾರಿಸಬೇಕು. ಇಲ್ಲದಿದ್ದರೆ ಪೆನ್ನಿನ ಮೊನೆಗೂ ಗೆರೆಗೂ ನಡುವೆ ಅಂತರ ಕಾಣುತ್ತದೆ.

ಮುಟ್ಟಿ ನೋಡುವ ಅವಕಾಶವೇ ಇಲ್ಲದಿರುವುದು ಮಾತ್ರ ಒಂದು ಮನೆ ಬಗೆಹರಿಸಬಹುದಾದ ಸಮಸ್ಯೆಯಲ್ಲ. ಅನಿಮೇಷನ್ ಮತ್ತು ಗೇಮಿಂಗ್ ವಲಯಕ್ಕೆ ಕರ್ನಾಟಕ 2012ರಲ್ಲೇ ನೀತಿ ರೂಪಿಸಿತು, 2024ರಲ್ಲಿ ಹೊಸ ನೀತಿಯನ್ನೂ ತಂದಿತು. ಅದರ ಫಲ ಬೆಂಗಳೂರು ದಾಟಿ ದೇವದುರ್ಗಕ್ಕೂ ಬರಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿಯ ಅನುದಾನ ಘೋಷಣೆಯಾದದ್ದುಂಟು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ ಕಂಪ್ಯೂಟರುಗಳನ್ನೂ ಪಡೆಯುತ್ತಿವೆ. ಜಾಲಹಳ್ಳಿಯಂಥ ಹೋಬಳಿ ಊರಿನ ಕೇಂದ್ರಕ್ಕೆ ಎರಡು ಸಣ್ಣ ಪೆನ್ ಟ್ಯಾಬ್ಲೆಟ್, ಒಂದು ಪೊಟ್ಟಣ ನಿಬ್, ಕಂಪ್ಯೂಟರಿಗೆ ಕ್ರಿಟಾ: ಎಲ್ಲ ಸೇರಿ 10,000 ರೂಪಾಯಿಯ ಆಸುಪಾಸು. ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಚಿತ್ರಕಲಾ ಶಿಕ್ಷಕರನ್ನು ವಾರಕ್ಕೊಮ್ಮೆ ಅಲ್ಲಿಗೆ ಕರೆಸಿ ಗೌರವಧನ ಕೊಡಬಹುದು. ಪಂಚಾಯಿತಿಯ ಮುಂದಿನ ಕ್ರಿಯಾ ಯೋಜನೆಯಲ್ಲಿ ಇದಕ್ಕೊಂದು ಸಾಲು ಸೇರಿಸುವಂತೆ ಊರಿನ ಪಾಲಕರು ಗ್ರಾಮಸಭೆಯಲ್ಲೇ ಕೇಳಬೇಕು.